‘ಸಿಸ್ಟಂ ತಗೊಳ್ತಿಲ್ಲ’ ಅಂದರೆ ಆ ತೀರ್ಮಾನ ಯಾರದ್ದು?

ಜೆಪಿ ನಗರದವನು, ಮೈಸೂರು

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆ ಇರುವ ನಮ್ಮ ಚಿಕ್ಕಮ್ಮನ ಬಿಪಿಎಲ್ ಕಾರ್ಡ್ ರದ್ದಾಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗಲೇ ಅವರಿಗೆ ಗೊತ್ತಾಗಿದ್ದು. ನೋಟಿಸ್ ಬಂದಿಲ್ಲ, ಯಾರೂ ಮನೆಗೆ ಬಂದು ನೋಡಿಲ್ಲ. ಕಚೇರಿಯಲ್ಲಿ ಕೇಳಿದರೆ "ನಾವು ತೆಗೆದಿಲ್ಲಮ್ಮ, ಸಿಸ್ಟಮ್ಮೇ ತೆಗೆದಿದೆ" ಅಂದರಂತೆ. ಸರಿ, ವಾಪಸ್ ಸೇರಿಸಿ ಅಂದರೆ "ಸಿಸ್ಟಂ ತಗೊಳ್ತಿಲ್ಲ".

ನಮ್ಮ ಊಹೆ ಏನೆಂದರೆ, ಅವರ ಮಗ ಗೂಡ್ಸ್ ಆಟೋ ಸಾಲಕ್ಕೆಂದು ಆದಾಯ ತೆರಿಗೆ ರಿಟರ್ನ್ ಹಾಕಿದ್ದ. ಕಟ್ಟಿದ ತೆರಿಗೆ ಸೊನ್ನೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿ ಬಗ್ಗೆ ರಾಜ್ಯದಲ್ಲೆಲ್ಲ ಗಲಾಟೆಯಾಯಿತಲ್ಲ, ಆಗ ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಿತ್ತು. ತೆರಿಗೆ ಕಟ್ಟುವವನೇ ಬೇರೆ, ರಿಟರ್ನ್ ಹಾಕುವವನೇ ಬೇರೆ. ಈ ವ್ಯತ್ಯಾಸ ಪ್ರೋಗ್ರಾಂ ಬರೆದವರಿಗೆ ಯಾರಾದರೂ ಹೇಳಿದ್ದರಾ?

ಕಾನೂನು ಮಾಡುವವರು ವಿಧಾನಸಭೆಯಲ್ಲಿ ಕೂತಿರುತ್ತಾರೆ. ಅವರಿಗೆ ವೋಟು ಹಾಕಿದ್ದೇವೆ. ಕೌಂಟರಿನಲ್ಲಿ ಕೂತವರ ಮುಖ ನೋಡಿದ್ದೇವೆ. ಇವರಿಬ್ಬರ ಮಧ್ಯೆ ಕೂತು ಇದು ಬೇಕು, ಇದು ಬೇಡ ಅಂತ ನಿರ್ಧರಿಸುವುದು ಈಗ ಇನ್ಯಾವುದೋ ಅಲ್ವಾ? ನಿಮ್ಮ ಅನುಭವ, ಅಭಿಪ್ರಾಯ ಹೇಳಿ.

ನಿವೃತ್ತ ಕಂದಾಯ

ಮೊದಲು ಕಂಪ್ಯೂಟರ್ ಪರವಾಗಿ ನಾಲ್ಕು ಮಾತು ಹೇಳ್ತೀನಿ, ಬೈಬೇಡಿ. ಕೈಬರಹದ ಪಹಣಿ ಕಾಲದಲ್ಲಿ ನಾನು ಕೆಲಸ ಮಾಡಿದ್ದೇನೆ. ಪುಸ್ತಕ ಯಾರ ಬಗಲಲ್ಲಿ ಇರುತ್ತಿತ್ತೋ ಊರು ಅವರ ಕೈಯಲ್ಲಿ ಇರುತ್ತಿತ್ತು. ಖಾತೆ ಬದಲಾವಣೆ ಅರ್ಜಿ ಕೊಟ್ಟರೆ "ನಾಳೆ ಬಾ" ಅನ್ನೋದಕ್ಕೆ ಕೊನೆಯೇ ಇರಲಿಲ್ಲ. 2000ದ ಸುಮಾರಿಗೆ ‘ಭೂಮಿ’ ಬಂತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಮೊದಲು ಬಂದ ಅರ್ಜಿ ಮೊದಲು ಅನ್ನುವ ಸರದಿಯನ್ನು ಅದರಲ್ಲೇ ಕೂರಿಸಿದರು. ಲಾಗಿನ್ ಆಗೋಕೆ ಬೆರಳಚ್ಚು ಬೇಕು, ಹಾಗಾಗಿ ಯಾರು ತಿದ್ದಿದರು ಅನ್ನೋದು ಉಳಿಯುತ್ತಿತ್ತು. ಗೌಡರ ಅರ್ಜಿ ಮುಂದೆ ಬಡವನ ಅರ್ಜಿ ಕೂರುವ ಹಾಗಾಗಿದ್ದು ಅದರಿಂದಲೇ.

ಮನುಷ್ಯ ತೀರ್ಮಾನ ಮಾಡಿದರೆ ಕರುಣೆ ಇರುತ್ತೆ ಅಂತ ಸುಮ್ನೆ ನಂಬಬೇಡಿ. ಇತ್ತು, ಅದಕ್ಕೊಂದು ರೇಟೂ ಇತ್ತು.

ಸುಮ್ನೆ ಓದುಗ

ಕೊನೇ ಸಾಲಿಗೆ ದೊಡ್ಡ ನಮಸ್ಕಾರ ಸಾರ್ 😀

ಕೋಡ್ ಬರೆಯೋಳು, ಹೆಬ್ಬಾಳ್ ಮೈಸೂರು

ನಿವೃತ್ತ ಕಂದಾಯ ಸಾರ್ ಹೇಳಿದ್ದು ನಿಜ. ಆದರೆ ಭೂಮಿ ಒಂದು ದಾಖಲೆ ಪುಸ್ತಕ. ಅದು ನಿಮ್ಮ ಬಗ್ಗೆ ಊಹೆ ಮಾಡಲ್ಲ. ಈಗ ನಡೀತಿರೋದು ಬೇರೆ. ಒಂದು ಇಲಾಖೆಯ ಪಟ್ಟಿಯನ್ನು (ಕಾರು ಇರುವವರ ಪಟ್ಟಿ ಅನ್ನಿ) ಇನ್ನೊಂದು ಇಲಾಖೆಯ ಪಟ್ಟಿಗೆ ಜೋಡಿಸಿ, ಇವರು ಬಡವರಲ್ಲ ಅಂತ ತೀರ್ಮಾನಿಸೋದು. ನಮ್ಮ ರಾಜ್ಯದ ‘ಕುಟುಂಬ’ ದತ್ತಾಂಶ ಇರೋದೂ ಯೋಜನೆಗಳಿಗೆ ಅರ್ಹರು ಯಾರು ಅಂತ ಗುರುತಿಸೋಕೆ. ಉದ್ದೇಶ ಒಳ್ಳೆಯದೇ. ಜೋಡಣೆ ಹೇಗೆ ಆಗುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಡವಟ್ಟು ಹುಟ್ಟೋದು ಅಲ್ಲೇ.

ಎರಡೂ ಪಟ್ಟಿಯಲ್ಲಿ ಆಧಾರ್ ಸಂಖ್ಯೆ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಹೆಸರು, ತಂದೆ ಹೆಸರು, ವಿಳಾಸ ನೋಡಿ ಹೊಂದಿಸಬೇಕು. ನಮ್ಮ ಹೆಸರುಗಳ ಕಥೆ ಗೊತ್ತಲ್ಲ. ‘ಗೌಡ’ ಅನ್ನೋದನ್ನ ಇಂಗ್ಲಿಷಿನಲ್ಲಿ ಒಬ್ಬರು ಡಬ್ಲ್ಯು ಹಾಕಿ ಬರೀತಾರೆ, ಇನ್ನೊಬ್ಬರು ಯು ಹಾಕಿ. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪಹಣಿಯಲ್ಲಿ ‘ಬಿನ್’ (ಇಂಥವರ ಮಗ) ಅಥವಾ ‘ಕೋಂ’ (ಇಂಥವರ ಹೆಂಡತಿ). ಮಂಡ್ಯದ ಒಂದೇ ಹಳ್ಳಿಯಲ್ಲಿ ಶಿವಲಿಂಗೇಗೌಡರು ಎಷ್ಟು ಜನ ಬೇಕು ನಿಮಗೆ? ಹಾಗಾಗಿ ಪ್ರೋಗ್ರಾಂ ‘ಇವೆರಡು ಹೆಸರು ಎಷ್ಟು ಹತ್ತಿರ’ ಅಂತ ಅಂಕ ಕೊಡುತ್ತೆ. ಇಷ್ಟು ಅಂಕ ದಾಟಿದರೆ ಒಬ್ಬರೇ ಅಂತ ಲೆಕ್ಕ. ಗೆರೆ ಬಿಗಿ ಮಾಡಿದರೆ ನಿಜವಾಗಿ ಕಾರು ಇರುವವರೂ ತಪ್ಪಿಸಿಕೊಳ್ತಾರೆ. ಸಡಿಲ ಮಾಡಿದರೆ ಯಾರದ್ದೋ ಕಾರು ಕೂಲಿ ಮಾಡುವವರ ತಲೆಗೆ ಬರುತ್ತೆ.

ಇದು ಬರೀ ಕಲ್ಪನೆ ಅಲ್ಲ. ಇಲಾಖೆಗಳ ಪಟ್ಟಿ ಜೋಡಿಸುವ ತೆಲಂಗಾಣದ ‘ಸಮಗ್ರ ವೇದಿಕ’ ವ್ಯವಸ್ಥೆಯಲ್ಲಿ ಇಂಥದ್ದೇ ಆಗಿದ್ದನ್ನು 2024ರಲ್ಲಿ ಅಲ್ ಜಜೀರಾ ವರದಿ ಮಾಡಿತ್ತು. ಅಲ್ಲಿ ಸುಮಾರು 19 ಲಕ್ಷ ರೇಷನ್ ಕಾರ್ಡ್ ರದ್ದಾದ ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಮನೆ ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂತ 2022ರಲ್ಲಿ ಕೋರ್ಟು ಹೇಳಬೇಕಾಯಿತು.

ಆ ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನ ಕಂಪ್ಯೂಟರ್ ನಿರ್ಧರಿಸಲ್ಲ. ಯಾವುದೋ ಮೀಟಿಂಗಿನಲ್ಲಿ ಯಾರೋ ಒಬ್ಬರು ಒಂದು ಸಂಖ್ಯೆ ಹೇಳಿರ್ತಾರೆ. ಎಷ್ಟೋ ಸಲ ಮೀಟಿಂಗೂ ಇರಲ್ಲ, ನನ್ನಂಥವರು ಯಾರೋ ಕೂತು ಸಂಜೆಯೊಳಗೆ ಮುಗಿಸಬೇಕು ಅಂತ ಟೈಪ್ ಮಾಡಿರ್ತಾರೆ. ಅನರ್ಹರಿಗೆ ಅಕ್ಕಿ ಹೋದರೆ ಜಾಸ್ತಿ ನಷ್ಟವಾ, ಅರ್ಹರಿಗೆ ತಪ್ಪಿದರೆ ಜಾಸ್ತಿ ನಷ್ಟವಾ? ಇದು ವಿಧಾನಸಭೆಯಲ್ಲಿ ಜಗಳ ಆಡಬೇಕಾದ ವಿಷಯ. ಟೈಪ್ ಆಗ್ತಿರೋದು ಹೆಬ್ಬಾಳದ ಯಾವುದೋ ಕ್ಯೂಬಿಕಲ್ಲಿನಲ್ಲಿ.

ವಿ.ಸಿ. ನಾಲೆ ರೈತ, ಮಂಡ್ಯ

ಅಕ್ಕ, ನಮಗೆ ಇದು ಹೊಸದಲ್ಲ ಕಣ್ರೀ. ಸೂತ್ರದ ಕೈಲಿ ಸಿಕ್ಕಿ ಒದ್ದಾಡೋದು ಮಂಡ್ಯದವರಿಗೆ ಚೆನ್ನಾಗಿ ಗೊತ್ತು. ಕಾವೇರಿ ಸಂಕಷ್ಟ ಸೂತ್ರ ಅನ್ನೋದೂ ಲೆಕ್ಕಾನೇ ಅಲ್ವಾ? 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಾಮಾನ್ಯ ಮಳೆ ವರ್ಷದಲ್ಲಿ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹೋಗಬೇಕು. ಮಳೆ ಕೈಕೊಟ್ಟರೆ ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿಗೆ ಒಳಹರಿವು ಎಷ್ಟು ಕಡಿಮೆ ಆಗಿದೆ ಅಂತ ಹಿಂದಿನ ವರ್ಷಗಳ ಸರಾಸರಿ ಜೊತೆ ಇಟ್ಟು ನೋಡ್ತಾರೆ. ಆ ಕೊರತೆಯ ಲೆಕ್ಕದಲ್ಲಿ ಬಿಡುವ ನೀರನ್ನೂ ಕಡಿಮೆ ಮಾಡ್ತಾರೆ. 2023ರಲ್ಲಿ ದಿನಕ್ಕೆ 5,000 ಕ್ಯೂಸೆಕ್ ಬಿಡಿ ಅಂತ ಬಂತು. ನಾವು ಸರ್ ಎಂ.ವಿ. ಪ್ರತಿಮೆ ಎದುರು ಕೂತೆವು, ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯಿತು.

ಆ ಸೂತ್ರದ ಮೇಲೆ ನನಗೆ ಬೇಕಾದಷ್ಟು ಸಿಟ್ಟಿದೆ. ಗದ್ದೆಯಲ್ಲಿ ನಿಂತಿರುವ ಬೆಳೆ ಅದಕ್ಕೆ ಕಾಣಲ್ಲ. ಆದರೂ ಅದು ಏನು ಅಂತ ನಮಗೆ ಗೊತ್ತು. ಟೀ ಅಂಗಡಿಯಲ್ಲಿ ಕೂತು ಅದರ ಮೇಲೆ ವಾದ ಮಾಡ್ತೀವಿ. ನಮ್ಮ ಇಂಜಿನಿಯರುಗಳು ಕಾವೇರಿ ನೀರು ನಿಯಂತ್ರಣ ಸಮಿತಿ ಮುಂದೆ ಅಂಕಿ ಇಟ್ಟು ಜಗಳ ಆಡ್ತಾರೆ. ಸಮಿತಿ ಮೇಲೆ ಪ್ರಾಧಿಕಾರ ಇದೆ, ಅದರ ಮೇಲೆ ಕೋರ್ಟ್ ಇದೆ. ಸೋತರೂ ಯಾವ ಲೆಕ್ಕದಲ್ಲಿ ಸೋತೆವು ಅಂತ ಗೊತ್ತಿರುತ್ತೆ. ಈ ಅಣ್ಣನ ಚಿಕ್ಕಮ್ಮನಿಗೆ ಅದೂ ಗೊತ್ತಿಲ್ಲವಲ್ಲ.

ಬರ ಘೋಷಣೆನೂ ನೋಡಿ. ಮಳೆ ಕೊರತೆ, ಉಪಗ್ರಹದಲ್ಲಿ ಕಾಣುವ ಹಸಿರು, ಮಣ್ಣಿನ ತೇವ ಎಲ್ಲ ಸೂಚ್ಯಂಕವೇ. ಆದರೆ ಅಷ್ಟಕ್ಕೇ ನಿಲ್ಲಲ್ಲ. ಶೇ 10ರಷ್ಟು ಹಳ್ಳಿಗೆ ಹೋಗಿ ಹೊಲ ನೋಡಬೇಕು ಅಂತ ಕೇಂದ್ರದ ಬರ ಕೈಪಿಡಿಯಲ್ಲೇ ಇದೆ. 2023ರಲ್ಲಿ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಿಸಿದ್ದು ಹಾಗೆ. ಹೊಲಕ್ಕೆ ಹೋಗಿ ನೋಡೋ ಪದ್ಧತಿ ಇದೆ ಅಂದ ಮೇಲೆ ಮನೆಗೆ ಹೋಗಿ ನೋಡೋಕೆ ಏನು ಕಷ್ಟ?

ಗಣಿತ ಮೇಷ್ಟ್ರು

ರೈತರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ ‘ರೋಬೋಡೆಟ್’ ಅಂತ ಒಂದು ಹಗರಣ. ಅಲ್ಲಿ ನಿರುದ್ಯೋಗಿಗಳಿಗೆ, ಬಡವರಿಗೆ ಹದಿನೈದು ದಿನಕ್ಕೊಮ್ಮೆ ಸರ್ಕಾರದ ಭತ್ಯೆ. ಆ ಹದಿನೈದು ದಿನದಲ್ಲಿ ಎಷ್ಟು ದುಡಿದರು ಅನ್ನೋದರ ಮೇಲೆ ಭತ್ಯೆ ನಿರ್ಧಾರ. ಯಾರು ಜಾಸ್ತಿ ತಗೊಂಡಿದ್ದಾರೆ ಅಂತ ಕಂಡುಹಿಡಿಯೋಕೆ ಒಂದು ಯಾಂತ್ರಿಕ ವ್ಯವಸ್ಥೆ ಮಾಡಿದರು. ಅದು ತೆರಿಗೆ ಇಲಾಖೆಯಿಂದ ಇಡೀ ವರ್ಷದ ಆದಾಯ ತಗೊಂಡು 26ರಿಂದ (ವರ್ಷಕ್ಕೆ ಅಂಥ 26 ಕಂತು) ಭಾಗಿಸುತ್ತಿತ್ತು.

ಉದಾಹರಣೆಗೆ ಒಬ್ಬಳು ಆರು ತಿಂಗಳು ಕೆಲಸ ಮಾಡಿ 26,000 ಡಾಲರ್ ಗಳಿಸಿದಳು ಅನ್ನಿ. ಉಳಿದ ಆರು ತಿಂಗಳು ಕೆಲಸ ಇಲ್ಲ, ನ್ಯಾಯವಾಗಿ ಭತ್ಯೆ ತಗೊಂಡಳು. ಭಾಗಿಸಿದರೆ ಪ್ರತಿ ಹದಿನೈದು ದಿನಕ್ಕೆ 1,000 ಬರುತ್ತೆ. ಅಂದರೆ ಕೆಲಸ ಇಲ್ಲದ ದಿನಗಳಲ್ಲೂ ದುಡಿದಳು ಅಂತ ಆಯಿತು. ವಾಪಸ್ ಕಟ್ಟು ಅಂತ ನೋಟಿಸ್! ತಪ್ಪಿಲ್ಲ ಅಂತ ಸಾಬೀತು ಮಾಡುವ ಹೊರೆ ಅವಳ ಮೇಲೆ. ಕೊನೆಗೆ 2020ರಲ್ಲಿ ಹೀಗೆ ಬಾಕಿ ಅಂತ ಹೊರಿಸಿದ ಸುಮಾರು 4.7 ಲಕ್ಷ ಪ್ರಕರಣಗಳ ಹಣ ವಾಪಸ್ ಕೊಡುತ್ತೇವೆ ಅಂತ ಸರ್ಕಾರ ಒಪ್ಪಿತು. 2023ರಲ್ಲಿ ಇದರ ತನಿಖೆಗೆ ಕೂತ ರಾಯಲ್ ಕಮಿಷನ್ ವರದಿ ಬಂತು.

ಇಲ್ಲಿ ಯಾವ ಕೃತಕ ಬುದ್ಧಿಮತ್ತೆಯೂ ಇಲ್ಲ, ನಮ್ಮ ಏಳನೇ ಕ್ಲಾಸಿನ ಸರಾಸರಿ ಅಷ್ಟೆ. ಕಬ್ಬು ಕಡಿಯುವವರಿಗೆ, ನಾಟಿ ಹಾಕುವವರಿಗೆ, ದಸರಾದಲ್ಲಿ ಮಾತ್ರ ವ್ಯಾಪಾರ ಆಗುವ ಬೀದಿ ಬದಿಯವರಿಗೆ ಸರಾಸರಿ ತಿಂಗಳು ಅನ್ನೋದೇ ಇಲ್ಲ. ವರ್ಷಕ್ಕೆ 1.20 ಲಕ್ಷ ಆದಾಯ ಅನ್ನುವ ಬಿಪಿಎಲ್ ಮಿತಿ ಇಂಥವರ ವಿಷಯದಲ್ಲಿ ಎಷ್ಟು ಸರಿಯಾಗಿ ಕೂರುತ್ತೆ ಅಂತ ನೀವೇ ಯೋಚಿಸಿ.

ಎಲ್ಲಾ ಆಟೋಮ್ಯಾಟಿಕ್

ಇಷ್ಟೆಲ್ಲ ಕೊರಗು ಯಾಕೆ? ಪೂರ್ತಿ ಎಐಗೆ ಕೊಟ್ಟುಬಿಡಿ. ಲಂಚ ಕೇಳಲ್ಲ, ಜಾತಿ ನೋಡಲ್ಲ. ಅಲ್ಬೇನಿಯಾದಲ್ಲಿ 2025ರಲ್ಲಿ ಟೆಂಡರ್ ನೋಡಿಕೊಳ್ಳೋಕೆ ‘ಡಿಯೆಲ್ಲಾ’ ಅಂತ ಎಐ ಮಂತ್ರಿನೇ ಮಾಡಿದರು. ಹೆದ್ದಾರಿ ಕ್ಯಾಮೆರಾ ನೋಡಿ, ಎಂಎಲ್‌ಎ ಕಾರಿಗೂ ಫೈನು, ನನ್ನ ಕಾರಿಗೂ ಫೈನು.

ಕೋಡ್ ಬರೆಯೋಳು, ಹೆಬ್ಬಾಳ್ ಮೈಸೂರು

ಜಾತಿ ನೋಡಲ್ಲ ಅನ್ನೋದು ಅಷ್ಟು ಸುಲಭವಾಗಿ ಹೇಳೋ ಮಾತಲ್ಲ. ಜಾತಿ ಕಾಲಂ ತೆಗೆದರೂ ಪಿನ್‌ಕೋಡ್ ಇರುತ್ತೆ, ಹೆಸರಿರುತ್ತೆ. ನಮ್ಮೂರುಗಳಲ್ಲಿ ಬೀದಿ ಹೇಳಿದರೆ ಸಾಕಲ್ವಾ?

ನೆದರ್‌ಲೆಂಡ್ಸ್ ಕಥೆ ಕೇಳಿ. ಮಕ್ಕಳ ಪಾಲನೆಗೆ ಕೊಡುವ ಭತ್ಯೆಯಲ್ಲಿ ಮೋಸ ಹಿಡಿಯೋಕೆ ಅಲ್ಲಿನ ತೆರಿಗೆ ಇಲಾಖೆ ಅರ್ಜಿಗಳಿಗೆ ಅಪಾಯದ ಅಂಕ ಕೊಡುವ ವ್ಯವಸ್ಥೆ ಇಟ್ಟುಕೊಂಡಿತ್ತು. ಪೌರತ್ವ ಯಾವುದು ಅನ್ನೋದೂ ಆ ಅಂಕಕ್ಕೆ ಒಂದು ಅಂಶ. ಹೆಚ್ಚು ಅಂಕ ಬಂದ ಫೈಲು ಒಬ್ಬ ಅಧಿಕಾರಿಯ ಮೇಜಿಗೆ ಹೋಗುತ್ತಿತ್ತು. ಆದರೆ ಯಾಕೆ ಹೆಚ್ಚು ಅಂಕ ಬಂತು ಅಂತ ಆ ಅಧಿಕಾರಿಗೂ ತಿಳಿಸುತ್ತಿರಲಿಲ್ಲ! ಸಣ್ಣ ತಪ್ಪಿಗೂ ಪೂರ್ತಿ ಹಣ ವಾಪಸ್ ಕೇಳಿದರು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಮಾರ್ಕ್ ರುಟ್ಟೆ ಸಂಪುಟ ರಾಜೀನಾಮೆ ಕೊಟ್ಟಿತು. ಚುನಾವಣೆ ನಡೆದು ಮತ್ತೆ ಅವರೇ ಪ್ರಧಾನಿ ಆದರು, ಅದು ಬೇರೆ ಮಾತು.

ಅಗ್ರಹಾರದ ವಕೀಲೆ

ಕ್ಯಾಮೆರಾ ಉದಾಹರಣೆ ತಂದಿದ್ದು ಒಳ್ಳೆಯದಾಯಿತು. ಅಲ್ಲಿ ಯಂತ್ರ ಹಿಡಿಯುತ್ತದೆ, ಆದರೆ ಕೇಂದ್ರ ಮೋಟಾರು ವಾಹನ ನಿಯಮ 167ಎ ಅದಕ್ಕೆ ಮೂಗುದಾರ ಹಾಕಿದೆ. ಉಪಕರಣಕ್ಕೆ ಪ್ರಮಾಣಪತ್ರ ಇರಬೇಕು. ಕ್ಯಾಮೆರಾ ಇದೆ ಅಂತ ಬೋರ್ಡ್ ಹಾಕಿರಬೇಕು. ಉಲ್ಲಂಘನೆ ಆಗಿ 15 ದಿನದೊಳಗೆ ನೋಟಿಸ್ ಬರಬೇಕು. ಫೋಟೋ, ಜಾಗ, ಸಮಯ, ಯಾವ ಸೆಕ್ಷನ್ ಎಲ್ಲ ಅದರಲ್ಲಿರಬೇಕು. ಒಪ್ಪದಿದ್ದರೆ ಪ್ರಶ್ನಿಸಬಹುದು. ಐನೂರು ರೂಪಾಯಿ ದಂಡಕ್ಕೆ ಇಷ್ಟು ರಕ್ಷಣೆ ಇದೆ. ಒಂದು ಮನೆಯ ಅಕ್ಕಿ ನಿಲ್ಲಿಸೋಕೆ ನೋಟಿಸ್ಸೂ ಬೇಡ ಅಂದರೆ ಹೇಗೆ?

ಬೈಕ್ ಸವಾರ, ಕುವೆಂಪುನಗರ

ನಾನು ಊಟ ಡೆಲಿವರಿ ಮಾಡೋನು. ಹೋದ ವರ್ಷ ಒಂದಿನ ಬೆಳಿಗ್ಗೆ ಎದ್ದು ನೋಡಿದರೆ ಐಡಿ ಬ್ಲಾಕ್. ಚಾಟ್‌ನಲ್ಲಿ ಕೇಳಿದರೆ "ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ" ಅಂತ ಅದೇ ಮೆಸೇಜು ಮತ್ತೆ ಮತ್ತೆ. ಮನುಷ್ಯ ಸಿಗಲೇ ಇಲ್ಲ. ಮ್ಯಾನೇಜರ್ ಬೈದರೂ ಪರವಾಗಿಲ್ಲ, ಎದುರಿಗೆ ನಿಂತು ಬೈಯಲಿ ಅನ್ನಿಸಿಬಿಟ್ಟಿತ್ತು. ಈಗ ಬೇರೆ ಆಪ್‌ನಲ್ಲಿದ್ದೀನಿ. ಯಾವ ಆರ್ಡರ್ ಯಾಕೆ ನನಗೆ ಬರುತ್ತೆ, ಯಾಕೆ ಬರಲ್ಲ ಅನ್ನೋದು ಇವತ್ತಿಗೂ ದೇವರಿಗೇ ಗೊತ್ತು.

ಅಗ್ರಹಾರದ ವಕೀಲೆ

ತಮ್ಮಾ, ನಿಮಗೊಂದು ವಿಷಯ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಕಾಯ್ದೆ ಬಂದಿದೆ. ಕೆಲಸದಿಂದ ತೆಗೆಯೋ ಮುಂಚೆ ಲಿಖಿತವಾಗಿ ಕಾರಣ ಕೊಡಬೇಕು, 14 ದಿನ ಮೊದಲೇ ತಿಳಿಸಬೇಕು. ಕೆಲಸ ಹಂಚುವ, ಅಂಕ ಕೊಡುವ ಯಾಂತ್ರಿಕ ವ್ಯವಸ್ಥೆ ಹೇಗೆ ನಡೆಯುತ್ತೆ ಅನ್ನೋದನ್ನೂ ಕಾರ್ಮಿಕರಿಗೆ ತಿಳಿಸಬೇಕು. ಜಾರಿ ಎಷ್ಟರ ಮಟ್ಟಿಗೆ ಆಗುತ್ತೆ ನೋಡಬೇಕು, ಆದರೆ ಹಕ್ಕು ಪುಸ್ತಕದಲ್ಲಿದೆ.

ನನಗೆ ಮಜಾ ಅನ್ನಿಸೋದು ಇದು. ಕಂಪನಿಗಳಿಗೆ ‘ಕಾರಣ ಕೊಡಿ’ ಅಂತ ಕಾಯ್ದೆ ಮಾಡಿದ ಸರ್ಕಾರ ತನ್ನ ಕಚೇರಿಗಳಲ್ಲಿ ‘ಸಿಸ್ಟಂ ತೆಗೆದಿದೆ’ ಅನ್ನೋ ಉತ್ತರ ಒಪ್ಪಿಕೊಂಡು ಕೂತಿದೆ. ಅದಕ್ಕೆ ಹೊಸ ಕಾನೂನೂ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4(1)(ಡಿ) ಓದಿ. ಆಡಳಿತಾತ್ಮಕ ತೀರ್ಮಾನದಿಂದ ಯಾರಿಗೆ ತೊಂದರೆ ಆಯಿತೋ ಅವರಿಗೆ ಕಾರಣ ಕೊಡೋದು ಕಚೇರಿಯ ಕರ್ತವ್ಯ ಅಂತ ಅಲ್ಲಿದೆ. ‘ತೀರ್ಮಾನ ಕಂಪ್ಯೂಟರ್ ಮಾಡಿದ್ದರೆ ಬೇಡ’ ಅಂತ ಎಲ್ಲೂ ಬರೆದಿಲ್ಲ.

ಜೆಪಿ ನಗರದವರೇ, ಬಾಯಲ್ಲಿ ಕೇಳೋದು ಬಿಡಿ, ಬರೆದು ಕೇಳಿ. ರದ್ದತಿ ಆದೇಶದ ಪ್ರತಿ, ಅದಕ್ಕೆ ಆಧಾರವಾದ ಮಾಹಿತಿ ಯಾವ ಇಲಾಖೆಯಿಂದ ಬಂತು, ಯಾವ ಮಾನದಂಡ, ಆದೇಶ ಮಾಡಿದ ಅಧಿಕಾರಿಯ ಹುದ್ದೆ. ಇಷ್ಟೇ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಅಂತ ಇದೆ. ಹಾಗಾಗಿ ಕಥೆ ಬರೆಯಬೇಡಿ. ಜೊತೆಗೆ ಆಹಾರ ಭದ್ರತಾ ಕಾಯ್ದೆ 2013ರ ಅಡಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಿ. ಅಲ್ಲಿ ಆಗದಿದ್ದರೆ ರಾಜ್ಯ ಆಹಾರ ಆಯೋಗ ಇದೆ.

ಜೆಪಿ ನಗರದವನು, ಮೈಸೂರು

ತುಂಬಾ ಉಪಕಾರ ಮೇಡಂ. ಕನ್ನಡದಲ್ಲೇ ಕೊಡಬಹುದಾ? ಮಗನ ರಿಟರ್ನ್ ಪ್ರತಿಯನ್ನೂ ಲಗತ್ತಿಸಬೇಕಾ?

ಅಗ್ರಹಾರದ ವಕೀಲೆ

ಕನ್ನಡದಲ್ಲೇ ಕೊಡಿ, ಧಾರಾಳವಾಗಿ. ರಿಟರ್ನ್ ಪ್ರತಿ ದೂರಿಗೆ ಲಗತ್ತಿಸಿ, ತೆರಿಗೆ ಸೊನ್ನೆ ಅನ್ನುವ ಸಾಲಿಗೆ ಗುರುತು ಹಾಕಿ. ಮಾಹಿತಿ ಹಕ್ಕು ಅರ್ಜಿಗೆ ಬೇಡ.

ನಿವೃತ್ತ ಕಂದಾಯ

ವಕೀಲೆ ಮೇಡಂ ಹೇಳಿದ್ದು ಕಾನೂನು. ಕುರ್ಚಿಯಲ್ಲಿ ಕೂತವನ ಭಯ ಹೇಳ್ತೀನಿ, ಅದನ್ನೂ ಕೇಳಿ.

ಕಂಪ್ಯೂಟರ್ ಅನರ್ಹ ಅಂದ ಒಬ್ಬರ ಹೆಸರನ್ನು ನಾನು ವಿವೇಚನೆಯಿಂದ ವಾಪಸ್ ಸೇರಿಸಿದೆ ಅನ್ನಿ. ಎರಡು ವರ್ಷ ಬಿಟ್ಟು ಆಡಿಟ್‌ನವರು ಬರ್ತಾರೆ. "ಸಿಸ್ಟಂ ಬೇಡ ಅಂದಿದ್ದನ್ನು ನೀವು ಯಾಕೆ ಸೇರಿಸಿದಿರಿ? ಏನು ಲಾಭ?" ಅಂತ ಕೇಳ್ತಾರೆ. ವಿಚಾರಣೆ, ಬಡ್ತಿ ತಡೆ, ನಿವೃತ್ತಿ ಹಣಕ್ಕೆ ಕೊಕ್ಕೆ. ಅದೇ ನೂರು ಜನ ಅರ್ಹರ ಹೆಸರು ಹೋಗಿದ್ದನ್ನು ನೋಡಿಯೂ ಸುಮ್ಮನೆ ಕೂತರೆ ಯಾವ ಆಡಿಟರೂ ಕೇಳಲ್ಲ. ಸೇರಿಸಿದ್ದಕ್ಕೆ ಶಿಕ್ಷೆ ಇದೆ, ಬಿಟ್ಟಿದ್ದಕ್ಕೆ ಇಲ್ಲ. ಹಾಗಿದ್ದ ಮೇಲೆ ಯಾವ ಗುಮಾಸ್ತ ಕೈ ಹಾಕ್ತಾನೆ?

ಮೇಲಿನವರು ‘ಅಂತಿಮ ತೀರ್ಮಾನ ಅಧಿಕಾರಿಯದ್ದೇ’ ಅಂತ ಸುತ್ತೋಲೆ ಹೊರಡಿಸಿದರೂ ಕೌಂಟರಿನಲ್ಲಿ ಏನೂ ಬದಲಾಗಲ್ಲ. ಸ್ಕ್ರೀನಿನಲ್ಲಿ ತಿದ್ದುವ ಬಟನ್ ಕೊಡಬೇಕು, ತಿದ್ದಿದವನಿಗೆ ರಕ್ಷಣೆ ಕೊಡಬೇಕು. ತಪ್ಪಾಗಿ ತೆಗೆದ ಹೆಸರುಗಳನ್ನೂ ಆಡಿಟ್ ಲೆಕ್ಕಕ್ಕೆ ತಗೊಂಡರೆ ಮಾತ್ರ ಕೆಲಸ ಆಗುತ್ತೆ.

ಕೋಡ್ ಬರೆಯೋಳು, ಹೆಬ್ಬಾಳ್ ಮೈಸೂರು

ಸಾರ್, ಈ ಇಡೀ ಚರ್ಚೆಯಲ್ಲಿ ನನಗೆ ಹೊಸದಾಗಿ ಗೊತ್ತಾಗಿದ್ದು ಇದೇ. ನಾವು ಪ್ರೋಗ್ರಾಂ ಬರೆಯುವಾಗ "ಅಧಿಕಾರಿ ಬೇಕಾದರೆ ಬದಲಾಯಿಸ್ತಾರೆ ಬಿಡಿ" ಅಂದುಕೊಂಡು ಗೆರೆ ಎಳೀತೀವಿ. ಅಧಿಕಾರಿಗಳು "ಕಂಪ್ಯೂಟರ್ ಲೆಕ್ಕ ಮಾಡಿರುತ್ತೆ ಬಿಡಿ" ಅಂದುಕೊಂಡು ಒಪ್ಪಿಗೆ ಒತ್ತುತ್ತಾರೆ.

ಬ್ರಿಟನ್ನಿನ ಅಂಚೆ ಕಚೇರಿ ಪ್ರಕರಣವೂ ಇಂಥದ್ದೇ. ‘ಹೊರೈಜನ್’ ಅನ್ನುವ ಲೆಕ್ಕದ ಸಾಫ್ಟ್‌ವೇರ್ ದುಡ್ಡು ಕಡಿಮೆ ಇದೆ ಅಂತ ತೋರಿಸಿತು. ಸಣ್ಣ ಊರುಗಳಲ್ಲಿ ಅಂಚೆ ಕಚೇರಿ ನಡೆಸುವವರ ಮೇಲೆ ಕೇಸ್ ಹಾಕಿದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೂ ಹೋದರು. ತಪ್ಪು ಸಾಫ್ಟ್‌ವೇರಿನದ್ದು. 2024ರಲ್ಲಿ ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು.

ಎಲ್ಲಾ ಆಟೋಮ್ಯಾಟಿಕ್

ಸರಿ, ತಪ್ಪಾಗುತ್ತೆ, ಒಪ್ಪಿದೆ. ಹಾಗಂತ ಲಕ್ಷಾಂತರ ಕಾರ್ಡನ್ನ ಮನೆ ಮನೆಗೆ ಹೋಗಿ ನೋಡೋಕೆ ಜನ ಎಲ್ಲಿದ್ದಾರೆ? ಗೃಹಲಕ್ಷ್ಮಿ ಮೈಸೂರಲ್ಲೇ ಶುರುವಾಗಿದ್ದಲ್ವಾ, 2023ರ ಆಗಸ್ಟ್ 30ಕ್ಕೆ. ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ ತಿಂಗಳಿಗೆ 2,000 ಹೋಗಬೇಕು. ಕಂಪ್ಯೂಟರ್ ಇಲ್ಲದೆ ಇದು ಆಗುವ ಕೆಲಸವಾ?

ವಿ.ಸಿ. ನಾಲೆ ರೈತ, ಮಂಡ್ಯ

ದುಡ್ಡು ಹಾಕೋದು ಕಂಪ್ಯೂಟರ್ ಹಾಕಲಿ ಗುರು, ಯಾರು ಬೇಡ ಅಂದ್ರು? ತೆಗೆಯೋದು ಮಾತ್ರ ಹಾಗೆ ಆಗಬಾರದು. ಎಲ್ಲಾ ಮನೆಗೂ ಹೋಗಬೇಕಾಗಿಲ್ಲ, ಯಾರ ಹೆಸರು ತೆಗೆಯೋಕೆ ಹೊರಟಿದ್ದಾರೋ ಅವರ ಮನೆಗೆ ಹೋದರೆ ಸಾಕು. ಇಲ್ಲಾಂದ್ರೆ ಪಂಚಾಯ್ತಿ ಬೋರ್ಡಿಗೆ ಪಟ್ಟಿ ಅಂಟಿಸಿ, ಗ್ರಾಮಸಭೆಯಲ್ಲಿ ಓದಿ. ಯಾರಿಗೆ ನಿಜವಾಗಿ ಟ್ರ್ಯಾಕ್ಟರ್ ಇದೆ, ಯಾರದ್ದು ಬರೀ ಸಾಲದ ಆಟೋ ಅನ್ನೋದು ಊರಿಗೆ ಗೊತ್ತಿರುತ್ತೆ.

ಕೋಡ್ ಬರೆಯೋಳು, ಹೆಬ್ಬಾಳ್ ಮೈಸೂರು

ಇಲ್ಲಿ ನನಗೆ ಸ್ವಲ್ಪ ತಕರಾರು ಇದೆ ಅಣ್ಣ. ಯಾರ ಆದಾಯ ಎಷ್ಟು, ಯಾರು ಎಲ್ಲಿ ಸಾಲ ಮಾಡಿದ್ದಾರೆ ಅನ್ನೋದು ಊರ ಬೋರ್ಡಿನಲ್ಲಿ ಯಾಕೆ ಬರಬೇಕು? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೇ. ಊರಿಗೆ ಎಲ್ಲಾ ಗೊತ್ತಿರುತ್ತೆ ಅಂದಿರಿ. ಊರಿಗೆ ಹಗೆತನವೂ ಇರುತ್ತೆ. ಗಂಡನ ಮನೆ ಬಿಟ್ಟು ಬಂದವಳ ಕಾರ್ಡ್ ಬಗ್ಗೆ ಗ್ರಾಮಸಭೆ ನ್ಯಾಯವಾಗಿ ಮಾತಾಡುತ್ತೆ ಅನ್ನೋ ನಂಬಿಕೆ ನನಗಿಲ್ಲ.

ವಿ.ಸಿ. ನಾಲೆ ರೈತ, ಮಂಡ್ಯ

ಹೆಣ್ಣುಮಕ್ಕಳ ವಿಷಯ ನೀವು ಹೇಳಿದ್ದು ಸರಿ ಅಕ್ಕ, ಅಲ್ಲಿ ಗ್ರಾಮಸಭೆ ನೆಟ್ಟಗಿರಲ್ಲ. ಆದರೆ ಯಾರಿಗೂ ಗೊತ್ತಾಗದ ಹಾಗೆ ತೆಗೆಯೋದಕ್ಕೆ ಖಾಸಗಿತನ ಅನ್ನೋ ಹೆಸರು ಕೊಡಬೇಡಿ.

ಅಗ್ರಹಾರದ ವಕೀಲೆ

ಇಬ್ಬರದ್ದೂ ನಿಲ್ಲುವ ವಾದ. ನಾನು ಕಾರ್ಡ್‌ದಾರರಿಗೆ ಮೊದಲು ವೈಯಕ್ತಿಕ ನೋಟಿಸ್ ಅಂತಲೇ ಕೇಳ್ತೀನಿ. ಪೂರ್ತಿ ಕಾರಣ ಅದರಲ್ಲಿರಲಿ, ಉತ್ತರ ಕೊಡೋಕೆ ಸಮಯ ಇರಲಿ, ಅಲ್ಲಿಯವರೆಗೆ ಅಕ್ಕಿ ನಿಲ್ಲಬಾರದು. ಬೋರ್ಡಿನಲ್ಲಿ ಎಷ್ಟು ಜನರನ್ನು ಯಾವ ಮಾನದಂಡದಲ್ಲಿ ತೆಗೆದರು ಅನ್ನುವ ಒಟ್ಟು ಲೆಕ್ಕ ಮಾತ್ರ ಬರಲಿ.

ಗಣಿತ ಮೇಷ್ಟ್ರು

ಎಷ್ಟು ಜನ ಆಕ್ಷೇಪಣೆ ಹಾಕಿ ಗೆದ್ದರು ಅನ್ನುವ ಕಾಲಂ ಕೂಡ ಸೇರಿಸಿ ಮೇಡಂ. ನೂರರಲ್ಲಿ ಮೂವತ್ತು ಜನ ಗೆಲ್ಲುತ್ತಿದ್ದರೆ ಆ ಮಾನದಂಡ ಕೆಟ್ಟಿದೆ ಅಂತ ಯಾರು ಬೇಕಾದರೂ ಹೇಳಬಹುದು.

ನಿವೃತ್ತ ಕಂದಾಯ

ಆ ಕಾಲಂ ತುಂಬೋಕೆ ಯಾವ ಕಚೇರಿಯೂ ತಾನಾಗಿ ಒಪ್ಪಲ್ಲ ಮೇಷ್ಟ್ರೇ. ಹಾಗಾಗಿ ಅದನ್ನೇ ಮೊದಲು ಕೇಳಿ. ಯಾವ ಶಾಖೆಯಲ್ಲಿ ಆ ಅಂಕಿ ಇರುತ್ತೆ ಅಂತ ನನಗೆ ಗೊತ್ತು, ವಕೀಲೆ ಮೇಡಂ ಅರ್ಜಿ ಬರೆದರೆ ಒಮ್ಮೆ ಕಳಿಸಿ, ನೋಡಿ ಹೇಳ್ತೀನಿ. 150 ಪದದೊಳಗೇ ಇರಲಿ.